ನಗಾರಿ ಯಂತ್ರವನ್ನೂ ಸೇರಿಸಿ ಎಷ್ಟು?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಫೋನ್ ಮಾಡಿದಾಗ ನಾನು ಹಿಂದೆ ಮುಂದೆ ನೋಡಿದೆ. 2005ರಲ್ಲಿ ಈ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿ ಹೋದವನು, ಆಮೇಲೆ ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ಕನ್ನಡದಲ್ಲಿ ನಾಲ್ಕು ಪುಟ ಬರೆದು ಇಪ್ಪತ್ತು ವರ್ಷವಾಯಿತು. ಕೊನೆಗೆ ಒಪ್ಪಿಕೊಂಡದ್ದು ಎಂಟನೆಯ ತರಗತಿಯ ಒಬ್ಬ ಹುಡುಗ ಕೇಳಿದ ಪ್ರಶ್ನೆಯ ದೆಸೆಯಿಂದ.

ಕಳೆದ ಡಿಸೆಂಬರಿನಲ್ಲಿ ಮುಖ್ಯೋಪಾಧ್ಯಾಯಿನಿಯವರು ಕರೆದರೆಂದು ಶಾಲೆಗೆ ಹೋಗಿ ಮಕ್ಕಳ ಮುಂದೆ ರೋಬೋಟುಗಳ ವಿಷಯವಾಗಿ ಒಂದು ಗಂಟೆ ಮಾತಾಡಿದೆ. ಚಿತ್ರಗಳನ್ನು ತೋರಿಸಿದೆ, ಮಕ್ಕಳು ಚಪ್ಪಾಳೆ ತಟ್ಟಿದರು. ಕೊನೆಯಲ್ಲಿ ಒಬ್ಬ ಹುಡುಗ ಎದ್ದು, “ಸರ್, ಪ್ರಪಂಚದಲ್ಲಿ ಒಟ್ಟು ಎಷ್ಟು ರೋಬೋಟ್ ಇವೆ?” ಎಂದ. ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. “ಸುಮಾರು 46 ಲಕ್ಷ” ಎಂದೆ. ಹುಡುಗ ಕೂರಲಿಲ್ಲ. “ದೇವಸ್ಥಾನದ ನಗಾರಿ ಮಿಷನ್ನೂ ಸೇರಿಸಿನಾ ಸರ್?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಗುತ್ತಲೇ, “ಇಲ್ಲಪ್ಪ, ಅದು ರೋಬೋಟ್ ಅಲ್ಲ” ಎಂದೆ. “ಯಾಕಲ್ಲ ಸರ್? ಕೈ ಇದೆ, ತಾನೇ ಬಡಿಯುತ್ತೆ.” ಅಷ್ಟರಲ್ಲಿ ಬೆಲ್ ಹೊಡೆಯಿತು, ನಾನು ಬಚಾವಾದೆ.

ಮನೆಗೆ ಬಂದ ಮೇಲೆ ಆ ಪ್ರಶ್ನೆ ಬಿಡಲಿಲ್ಲ. ನಗಾರಿ ಯಂತ್ರ ಯಾವುದೆಂದು ಈ ಸಂಚಿಕೆ ಓದುವವರಿಗೆ ಹೇಳಬೇಕಾಗಿಲ್ಲ. ಕಬ್ಬಿಣದ ಚೌಕಟ್ಟು, ಅದರೊಳಗೆ ಒಂದು ಮೋಟಾರು, ಒಂದು ನಗಾರಿ, ಒಂದು ಗಂಟೆ, ಬಡಿಯಲು ಕೋಲುಗಳು. ಮಹಾಮಂಗಳಾರತಿಯ ಹೊತ್ತಿಗೆ ಅರ್ಚಕರು ಸ್ವಿಚ್ ಹಾಕಿದರೆ ಮಾತು ಕೇಳಿಸದಷ್ಟು ಸದ್ದು. ನಾವು ಹೈಸ್ಕೂಲಿನಲ್ಲಿದ್ದಾಗ ರಾಮಕೃಷ್ಣನಗರದ ನಮ್ಮ ಮನೆಯ ಹತ್ತಿರದ ದೇವಸ್ಥಾನಕ್ಕೆ ಅದು ಬಂತು. ಅದಕ್ಕೆ ಮುಂಚೆ ಪಕ್ಕದ ಹಳ್ಳಿಯಿಂದ ಒಬ್ಬ ಅಜ್ಜ ಪ್ರತಿ ಶನಿವಾರ ಬಂದು ನಗಾರಿ ಬಾರಿಸುತ್ತಿದ್ದರು. ಬಡಾವಣೆಯಾಗುವ ಮೊದಲು ಇಲ್ಲೆಲ್ಲ ಹೊಲವಿತ್ತು ಎಂದು ಹೇಳುತ್ತಿದ್ದವರು ಅವರೇ. ಯಂತ್ರ ಬಂದ ವಾರ ನಾವು ಹುಡುಗರೆಲ್ಲ ಅದರ ಮುಂದೆ ನಿಂತು ಬಾಯಿ ಬಿಟ್ಟುಕೊಂಡು ನೋಡಿದೆವು, “ರೋಬೋಟ್ ಬಂತು” ಎಂದು ಕುಣಿದೆವು. ಅಜ್ಜ ಮುಂದಿನ ಶನಿವಾರ ಬಂದರೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳಲು ಈಗ ಎಷ್ಟು ಪ್ರಯತ್ನಪಟ್ಟರೂ ಆಗುತ್ತಿಲ್ಲ.

ಹಾಗಾದರೆ ಅಂದು ನಾವು ಹೇಳಿದ್ದು ಸರಿಯೋ, ಮೊನ್ನೆ ನಾನು ಹೇಳಿದ್ದು ಸರಿಯೋ? ರೋಬೋಟ್ ಎಂದು ಯಾವುದನ್ನು ಕರೆಯುತ್ತಾರೆ, ಅದನ್ನು ಎಣಿಸಿದವರು ಯಾರು, ಹೇಗೆ ಎಣಿಸಿದರು ಎಂದು ಹುಡುಕುತ್ತ ಹೋದೆ. ಅದರ ಚರಿತ್ರೆ ನಾನು ಎಣಿಸಿದ್ದಕ್ಕಿಂತ ಸ್ವಾರಸ್ಯವಾಗಿತ್ತು.

ಮೊದಲು ಪದ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ‘ಆರ್.ಯು.ಆರ್.’ ಎಂಬ ನಾಟಕ ಬರೆದ. 1921ರ ಜನವರಿಯಲ್ಲಿ ಅದು ಪ್ರಾಗ್ ನಗರದ ರಂಗದ ಮೇಲೆ ಬಂತು. ಮನುಷ್ಯರ ಬದಲು ದುಡಿಯಲು ಕಾರ್ಖಾನೆಯಲ್ಲಿ ತಯಾರಾದ ಜೀವಿಗಳಿಗೆ ಏನು ಹೆಸರಿಡಲಿ ಎಂದು ಅವನು ಯೋಚಿಸುತ್ತಿದ್ದಾಗ ‘ರೋಬೋಟ್’ ಎಂದು ಸೂಚಿಸಿದವನು ಅವನ ಅಣ್ಣ, ಚಿತ್ರಕಾರ ಯೋಸೆಫ್. ಚೆಕ್ ಭಾಷೆಯಲ್ಲಿ ‘ರೋಬೋಟಾ’ ಎಂದರೆ ಜೀತದಾಳುಗಳು ಒಡೆಯನ ಹೊಲದಲ್ಲಿ ಕಡ್ಡಾಯವಾಗಿ ಮಾಡಬೇಕಿದ್ದ ಕೂಲಿಯಿಲ್ಲದ ಕೆಲಸ. ನಮ್ಮ ಭಾಷೆಯಲ್ಲಿ ಇದಕ್ಕೆ ಸರಿಸಮನಾದ ಪದವಿದೆ: ಬಿಟ್ಟಿ. ಹಳೆಯ ಶಾಸನಗಳಲ್ಲೂ ಕಾಣಿಸುವ ಪದ ಅದು. ಅಂದು ಯಾರಾದರೂ ಕನ್ನಡಕ್ಕೆ ತಂದಿದ್ದರೆ ‘ಬಿಟ್ಟಿಯಾಳು’ ಎಂದೇ ಹೇಳಬಹುದಿತ್ತು. ನಾವು ‘ಯಂತ್ರಮಾನವ’ ಎಂದೆವು. ಹಾಗೆಂದ ಕೂಡಲೇ ಕಣ್ಣು, ಮೂಗು, ಎರಡು ಕಾಲು ಇರಬೇಕು ಎಂಬ ಕಲ್ಪನೆ ತಲೆಯಲ್ಲಿ ಕೂತುಬಿಟ್ಟಿತು. 2002ರಲ್ಲಿ ಉಪೇಂದ್ರ ಅವರ ‘ಹಾಲಿವುಡ್’ ಸಿನಿಮಾ ನೋಡಿ ಬಂದ ನಮಗೆ ರೋಬೋಟ್ ಎಂದರೆ ಉಪೇಂದ್ರ ಅವರ ಮುಖವೇ. (ನಮ್ಮ ಅಜ್ಜಿಗೆ ‘ಯಂತ್ರ’ ಎಂದರೆ ಹುಷಾರಿಲ್ಲದ ಮಕ್ಕಳ ಕೊರಳಿಗೆ ಕಟ್ಟಿಸುವ ತಾಯಿತ. ನಾನು ಯಂತ್ರಗಳ ಕಾಲೇಜಿಗೆ ಸೇರಿದೆ ಎಂದಾಗ ಆಕೆಗೆ ಸ್ವಲ್ಪ ಗೊಂದಲವಾಗಿತ್ತು.) ತಮಾಷೆಯೆಂದರೆ, ಚಾಪೆಕ್‌ನ ರೋಬೋಟುಗಳು ಕಬ್ಬಿಣದವೂ ಅಲ್ಲ, ಯಂತ್ರಗಳೂ ಅಲ್ಲ; ಮಾಂಸದಂಥ ಒಂದು ಕೃತಕ ದ್ರವ್ಯದಿಂದ ಮಾಡಿದವು. ಇಂದಿನ ಲೆಕ್ಕ ಹಿಡಿದರೆ ರೋಬೋಟ್ ಎಂಬ ಹೆಸರು ಮೊದಲು ಪಡೆದವೇ ರೋಬೋಟುಗಳಲ್ಲ!

ಎಣಿಸುವುದಕ್ಕೆ ಮೊದಲು ಗೆರೆ ಎಳೆಯಬೇಕು ಎಂಬುದನ್ನು ನನಗೆ ಮೊದಲು ಹೇಳಿಕೊಟ್ಟವರು ನಮ್ಮ ಸಮಾಜದ ಮೇಷ್ಟ್ರು. 2001ರ ಜನಗಣತಿಗೆ ಅವರನ್ನು ಗಣತಿದಾರರಾಗಿ ಹಾಕಿದ್ದರು. ಬಿಸಿಲಿನಲ್ಲಿ ಬೀದಿ ಬೀದಿ ಸುತ್ತಿದ ಕಥೆಯನ್ನು ಪೌರನೀತಿಯ ಪಾಠದ ನಡುವೆ ಹೇಳುತ್ತಿದ್ದರು. “ಒಂದು ಮನೇಲಿ ಇಬ್ಬರು ಅಣ್ಣತಮ್ಮಂದಿರು ಇದಾರೆ ಕಣ್ರೋ. ಕುಟುಂಬ ಒಂದೋ ಎರಡೋ?” ನಾವು ಒಂದು ಎನ್ನುತ್ತಿದ್ದೆವು. “ಒಲೆ ಎಷ್ಟಿದೆ ಅಂತ ಕೇಳಬೇಕು” ಎನ್ನುತ್ತಿದ್ದರು ಮೇಷ್ಟ್ರು. ಒಂದೇ ಅಡುಗೆಮನೆಯಲ್ಲಿ ಬೇಯಿಸಿಕೊಂಡು ಉಣ್ಣುವವರೆಲ್ಲ ಸೇರಿ ಒಂದು ಕುಟುಂಬ, ಜನಗಣತಿಯ ಲೆಕ್ಕದಲ್ಲಿ. ಅತ್ತೆ ಸೊಸೆ ಜಗಳವಾಡಿ ಬೇರೆ ಒಲೆ ಹೂಡಿದರೆ ದೇಶದಲ್ಲಿ ಒಂದು ಕುಟುಂಬ ಹೆಚ್ಚಾಯಿತು. ಜನ ಅಷ್ಟೇ, ಗೋಡೆ ಅಷ್ಟೇ. 2027ರ ಜನಗಣತಿಗೆ ಈಗ ಹೊಸ ಮೇಷ್ಟ್ರು, ಮೇಡಂಗಳು ಹೊರಡಲಿದ್ದಾರೆ. ಅವರೂ ಒಲೆಯನ್ನೇ ಕೇಳುತ್ತಾರೆ.

ಹಾಗಾದರೆ ರೋಬೋಟಿನ ಒಲೆ ಯಾವುದು?

ಕಾರ್ಖಾನೆಯಲ್ಲಿ ದುಡಿದ ಮೊದಲ ರೋಬೋಟಿನ ಹೆಸರು ಯೂನಿಮೇಟ್. ಅಮೆರಿಕದ ಜಾರ್ಜ್ ಡೆವೊಲ್ 1954ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಜೋಸೆಫ್ ಎಂಗಲ್‌ಬರ್ಗರ್ ಅದನ್ನು ವ್ಯಾಪಾರಕ್ಕೆ ತಂದ. 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಅದು ಕೆಲಸಕ್ಕೆ ನಿಂತಿತು. ಅಚ್ಚಿನಿಂದ ಆಗತಾನೆ ಬಂದ ಕಾದ ಲೋಹದ ಭಾಗಗಳನ್ನು ಹಿಡಿದೆತ್ತಿ ಪಕ್ಕಕ್ಕಿಡುವುದು ಅದರ ಕೆಲಸ. ಮನುಷ್ಯ ಮಾಡಿದರೆ ಕೈ ಸುಡುತ್ತದೆ, ಹೊಗೆ ಕುಡಿಯಬೇಕಾಗುತ್ತದೆ. ನೋಡಲು ಅದು ಮನುಷ್ಯನಂತೆ ಇರಲೇ ಇಲ್ಲ. ದೊಡ್ಡ ಪೆಟ್ಟಿಗೆಯ ಮೇಲೆ ಒಂದೇ ಕೈ. ಇಷ್ಟಾಗಿಯೂ ರೋಬೋಟ್ ಎಂದರೇನು ಎಂದು ಕೇಳಿದರೆ, ಕಂಡರೆ ಗುರುತಿಸಬಲ್ಲೆ, ವ್ಯಾಖ್ಯಾನ ಮಾತ್ರ ಕೇಳಬೇಡಿ ಎಂಬರ್ಥದ ಮಾತು ಎಂಗಲ್‌ಬರ್ಗರ್ ಹೆಸರಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಜಗಳ ಶುರುವಾದದ್ದು 1970ರ ದಶಕದಿಂದೀಚೆಗೆ. ಜಪಾನಿನ ರೋಬೋಟ್ ತಯಾರಕರ ಸಂಘ ರೋಬೋಟುಗಳನ್ನು ಆರು ವರ್ಗ ಮಾಡಿತು. ಮನುಷ್ಯ ಕೈಯಲ್ಲಿ ಹಿಡಿದು ನಡೆಸುವ ಯಂತ್ರದ ತೋಳು ಒಂದು ವರ್ಗ. ಬದಲಾಯಿಸಲಾಗದ ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಆಡುವ ಯಂತ್ರ ಇನ್ನೊಂದು ವರ್ಗ. ಹೀಗೆ ಮೇಲೇರಿ ಬುದ್ಧಿವಂತ ರೋಬೋಟಿನವರೆಗೆ. ಅಮೆರಿಕದವರು ಒಪ್ಪಲಿಲ್ಲ. 1979ರಲ್ಲಿ ಅಲ್ಲಿನ ರೋಬೋಟ್ ಸಂಸ್ಥೆ ಮಾಡಿದ ವ್ಯಾಖ್ಯಾನದಲ್ಲಿ ಎರಡು ಷರತ್ತು ಮುಖ್ಯ: ಹೊಸ ಕೆಲಸಕ್ಕೆ ಹೊಸದಾಗಿ ಕಲಿಸಲು ಬರಬೇಕು, ಒಂದಕ್ಕಿಂತ ಹೆಚ್ಚು ಬಗೆಯ ಕೆಲಸಕ್ಕೆ ಒದಗಬೇಕು. ಜಪಾನಿನ ಪಟ್ಟಿಯ ಕೆಳಗಿನ ಎರಡು ವರ್ಗ ಇದರಲ್ಲಿ ಪಾಸಾಗುವುದಿಲ್ಲ. ಆ ಕಾಲದ ಪತ್ರಿಕೆಗಳಲ್ಲಿ ಜಪಾನಿನ ರೋಬೋಟುಗಳ ಸಂಖ್ಯೆ ಅಮೆರಿಕದ ಹಲವು ಪಟ್ಟು ಎಂದು ಓದಿ ಅಮೆರಿಕನ್ನರು ಗಾಬರಿಯಾದರು. ಆ ಗಾಬರಿಯಲ್ಲಿ ಒಂದು ಪಾಲು ನಿಜ, ಇನ್ನೊಂದು ಪಾಲು ಬರೀ ವ್ಯಾಖ್ಯಾನದ್ದು. ನಮ್ಮ ದೇವಸ್ಥಾನದ ನಗಾರಿ ಯಂತ್ರವನ್ನು ಆ ಹಳೆಯ ಜಪಾನಿ ಪಟ್ಟಿಯ ಮುಂದೆ ತಂದಿಟ್ಟಿದ್ದರೆ ಎರಡನೆಯ ವರ್ಗದಲ್ಲಿ ಸೀಟು ಕೇಳಬಹುದಿತ್ತು ಎಂದು ನನ್ನ ಅನಿಸಿಕೆ. ಹುಡುಗ ಗೆದ್ದ ಹಾಗೆಯೇ.

ಈಗ ನಡೆಯುತ್ತಿರುವುದು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐ.ಎಸ್.ಒ. 8373 ಎಂಬ ದಾಖಲೆ. ಅದರ ಪ್ರಕಾರ ಕೈಗಾರಿಕಾ ರೋಬೋಟ್ ತಾನಾಗಿ ನಡೆಯಬೇಕು, ಮರಳಿ ಪ್ರೋಗ್ರಾಂ ಮಾಡಲು ಬರಬೇಕು, ಹಲವು ಕೆಲಸಕ್ಕೆ ಬರಬೇಕು, ಕನಿಷ್ಠ ಮೂರು ಅಕ್ಷಗಳಲ್ಲಿ ಚಲಿಸಬೇಕು. ಅಕ್ಷವೆಂದರೆ ಹೀಗೆ ತಿಳಿಯಬಹುದು: ನಿಮ್ಮ ಭುಜ ತಿರುಗುವುದು, ಮೊಣಕೈ ಮಡಚುವುದು, ಮಣಿಕಟ್ಟು ಹೊರಳುವುದು, ಪ್ರತಿಯೊಂದೂ ಬೇರೆ ಬೇರೆ ಅಕ್ಷ. ಅಡುಗೆಮನೆಯ ಗ್ರೈಂಡರ್ ಸುತ್ತುವುದು ಒಂದೇ ಅಕ್ಷದಲ್ಲಿ, ಫೇಲ್. ವಾಷಿಂಗ್ ಮಿಷನ್ ತಾನೇ ನೀರು ತುಂಬಿ, ಒಗೆದು, ಹಿಂಡಿ ನಿಲ್ಲುತ್ತದೆ, ಆದರೂ ಫೇಲ್. ಕಾರ್ಖಾನೆಗಳಲ್ಲಿ ಲೋಹ ಕೊರೆಯುವ ಸಿ.ಎನ್.ಸಿ. ಯಂತ್ರಕ್ಕೆ ಪ್ರೋಗ್ರಾಂ ಇದೆ, ಮೂರು ಅಕ್ಷವೂ ಇದೆ. ಆದರೆ ಅದು ವಸ್ತುವನ್ನು ಹಿಡಿದು ಆಡಿಸುವ ತೋಳಲ್ಲ, ಅದೂ ಹೊರಗೆ. ನಗಾರಿ ಯಂತ್ರ ಮೊದಲ ಬಾಗಿಲಲ್ಲೇ ನಿಲ್ಲುತ್ತದೆ.

ನಾನು ಹುಡುಗನಿಗೆ ಹೇಳಿದ 46 ಲಕ್ಷ ಈ ಬಾಗಿಲು ದಾಟಿ ಬಂದವುಗಳ ಸಂಖ್ಯೆ. ಅದನ್ನು ಪ್ರತಿವರ್ಷ ಪ್ರಕಟಿಸುವುದು 1987ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ರೋಬೋಟಿಕ್ಸ್ ಒಕ್ಕೂಟ. 2023ರ ಕೊನೆಗೆ 42,81,585. 2024ರ ಕೊನೆಗೆ ಸುಮಾರು 46,64,000. 2023ರಲ್ಲಿ ಭಾರತದಲ್ಲಿ ಹೊಸದಾಗಿ ನಿಲ್ಲಿಸಿದವು 8,510. 2024ರಲ್ಲಿ ಇಡೀ ಲೋಕದಲ್ಲಿ ಹೊಸದಾಗಿ ಬಂದ ಸುಮಾರು 5,42,000ದಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾ ಒಂದಕ್ಕೇ ಹೋದವು. 42,81,585 ಎಂದು ಕೊನೆಯ ಅಂಕಿಯವರೆಗೆ ಬರೆದಿದ್ದನ್ನು ನೋಡಿದರೆ ಯಾರೋ ಕಾರ್ಖಾನೆ ಕಾರ್ಖಾನೆಗೆ ಹೋಗಿ ತಲೆ ಎಣಿಸಿ ಬಂದಂತೆ ಕಾಣುತ್ತದೆ. ಹಾಗೇನೂ ಇಲ್ಲ. ಒಕ್ಕೂಟದ ಹತ್ತಿರ ಇರುವುದು ತಯಾರಕರು ಕೊಡುವ ಮಾರಾಟದ ಲೆಕ್ಕ. ಒಂದು ರೋಬೋಟ್ ಸರಾಸರಿ 12 ವರ್ಷ ದುಡಿಯುತ್ತದೆ, ಆಮೇಲೆ ಒಂದೇ ದಿನಕ್ಕೆ ನಿವೃತ್ತಿ ಎಂದು ಇಟ್ಟುಕೊಂಡು ಅವರು ಕೂಡುತ್ತಾರೆ. ಕಳೆದ 12 ವರ್ಷದ ಮಾರಾಟವನ್ನು ನಾನೂ ಒಂದು ರಾತ್ರಿ ಕೂತು ಕೂಡಿದೆ. ಉತ್ತರ ಹತ್ತಿರ ಹತ್ತಿರ ತಾಳೆಯಾಯಿತು. ಅಂದರೆ 2010ರಲ್ಲಿ ಕೊಂಡು ಇವತ್ತಿಗೂ ಗಟ್ಟಿಯಾಗಿ ವೆಲ್ಡಿಂಗ್ ಮಾಡುತ್ತಿರುವ ರೋಬೋಟ್ ಈ ಲೆಕ್ಕದಲ್ಲಿಲ್ಲ. 2020ರಲ್ಲಿ ಕೊಂಡು, ಆರ್ಡರ್ ಬಾರದೆ ಟಾರ್ಪಾಲು ಹೊದ್ದು ಮೂಲೆಯಲ್ಲಿ ಮಲಗಿರುವುದು ಲೆಕ್ಕದಲ್ಲಿದೆ. ಇದನ್ನು ತಪ್ಪು ಎಂದು ನಾನು ಹೇಳುವುದಿಲ್ಲ. ಬೇರೆ ದಾರಿ ಇಲ್ಲದಾಗ ಅಂದಾಜನ್ನು ಹೀಗೆಯೇ ಮಾಡಬೇಕು, ಮತ್ತು ಅವರು ತಮ್ಮ ವಿಧಾನವನ್ನು ಮುಚ್ಚಿಟ್ಟಿಲ್ಲ. ಮುಚ್ಚಿಟ್ಟವನು ನಾನು, ಹುಡುಗನಿಗೆ ಸಂಖ್ಯೆ ಹೇಳಿ ವಿಧಾನ ಹೇಳದೆ.

ಇನ್ನು ಕೈಗಾರಿಕೆಯ ಹೊರಗಿನವು. ಅಮೆಜಾನ್ ಕಂಪನಿ ತನ್ನ ಗೋದಾಮುಗಳಲ್ಲಿ ಹತ್ತು ಲಕ್ಷ ರೋಬೋಟ್ ಇವೆಯೆಂದು 2025ರ ಜುಲೈನಲ್ಲಿ ಸಾರಿತು. ಅವುಗಳಲ್ಲಿ ಬಹುಪಾಲು ಕಪಾಟುಗಳನ್ನು ಹೊತ್ತು ಓಡಾಡುವ ಚಪ್ಪಟೆ ಗಾಡಿಗಳು. ಒಕ್ಕೂಟದ ಪುಸ್ತಕದಲ್ಲಿ ಅಂಥವು ‘ಸೇವಾ ರೋಬೋಟ್’ ಎಂಬ ಬೇರೆ ಅಧ್ಯಾಯಕ್ಕೆ ಸೇರುತ್ತವೆ. ಮನೆಯ ನೆಲ ಗುಡಿಸುವ ರೂಂಬಾ 2002ರಲ್ಲಿ ಬಂತು. ಅದನ್ನು ಮಾಡುವ ಒಂದೇ ಕಂಪನಿ ಇಪ್ಪತ್ತು ವರ್ಷದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಮಾರಿದ್ದಾಗಿ ಹೇಳಿಕೊಂಡಿತ್ತು. ಕಸಪೊರಕೆಯ ಈ ಬಂಧುಗಳನ್ನು ಸೇರಿಸಿಕೊಂಡರೆ ನನ್ನ 46 ಲಕ್ಷ ಎಲ್ಲಿಯೋ ಮೂಲೆಗೆ ಹೋಗುತ್ತದೆ. ಆದರೆ ಮಾರಿದ್ದು ಬೇರೆ, ಇರುವುದು ಬೇರೆ. ಒಂದು ಭಾನುವಾರ ನಮ್ಮ ಅಡ್ಡರಸ್ತೆಯಲ್ಲೇ ವಿಚಾರಿಸಿದೆ. ಮೂರು ಮನೆಯಲ್ಲಿ ಇದೆ ಎಂದರು. ಒಂದು ಅಟ್ಟದ ಮೇಲೆ ಡಬ್ಬದೊಳಗಿತ್ತು, ಅಮೆರಿಕದ ಮಗ ಕಳಿಸಿದ್ದು, ಒಮ್ಮೆಯೂ ತೆಗೆದಿಲ್ಲ. ಇನ್ನೊಂದರ ಬ್ಯಾಟರಿ ಸತ್ತು ಎರಡು ವರ್ಷ. ಮೂರನೆಯದು ಓಡುತ್ತದೆ, ಹೊಸ್ತಿಲು ದಾಟಲಾರದು. ಆ ಮನೆಯ ಅಮ್ಮ ಅದನ್ನು ಮಗುವಿನಂತೆ ಎತ್ತಿ ಕೋಣೆಯಿಂದ ಕೋಣೆಗೆ ಸಾಗಿಸುತ್ತಾರೆ. ನಮ್ಮ ಬೀದಿಯ ಉತ್ತರ ಮೂರು ಎಂದು ಬರೆಯಲೋ ಒಂದು ಎಂದು ಬರೆಯಲೋ ನೀವೇ ಹೇಳಿ.

ನಮ್ಮ ರಾಜ್ಯದ ಕಡೆಯಿಂದ ನೋಡಿದರೆ ಈ ಗೆರೆ ಇನ್ನೂ ಸೊಟ್ಟಗಾಗುತ್ತದೆ. ಶಾಲೆಯಿಂದ ಕನ್ನಂಬಾಡಿಗೆ ಪ್ರವಾಸ ಹೋದಾಗ ಎಲ್ಲರೂ ನೋಡುವುದು ಬೃಂದಾವನದ ಕಾರಂಜಿ. ಅಣೆಕಟ್ಟೆಗೆ ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಹಾಕಿದ್ದರು. ಅವುಗಳನ್ನು ಅವರು ಮೊದಲು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅಳವಡಿಸಿದ್ದರು. ನೀರು ಒಂದು ಮಟ್ಟ ಮೀರಿದರೆ ತಾವೇ ತೆರೆದು, ಇಳಿದರೆ ತಾವೇ ಮುಚ್ಚುವ ಗೇಟುಗಳು. ಅದಕ್ಕಿಂತ ನನ್ನನ್ನು ಮರುಳು ಮಾಡಿದ್ದು ಮೈಸೂರು ಸಂಸ್ಥಾನದ ಇನ್ನೊಬ್ಬ ಎಂಜಿನಿಯರ್ ಗಣೇಶ್ ಅಯ್ಯರ್ ಅವರ ಸುರುಳಿ ಸೈಫನ್. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ, ಆಮೇಲೆ ಶರಾವತಿಯ ಹಿರೇಭಾಸ್ಕರ ಅಣೆಕಟ್ಟೆಯಲ್ಲಿ ಅದನ್ನು ಕಟ್ಟಿದರು. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ಆ ಹಳೆಯ ಅಣೆಕಟ್ಟೆ ಮೇಲೆದ್ದು ಕಾಣುತ್ತದೆ. ಸೈಫನ್ನಿನ ಉಪಾಯ ಇಷ್ಟು: ಆಲಿಕೆಯ ಆಕಾರದ ಬಾಯಿ, ಮೇಲೊಂದು ಗುಮ್ಮಟ, ಬಾಯಿಯ ಸುತ್ತ ಸುರುಳಿ ಸುರುಳಿಯಾದ ದಾರಿ. ಕೆರೆ ತುಂಬಿ ನೀರು ಅಂಚು ದಾಟಿದ ಕೂಡಲೇ ಸುಳಿಯಾಗಿ ತಿರುಗುತ್ತ ಇಳಿಯುತ್ತದೆ, ಇಳಿಯುವಾಗ ಗುಮ್ಮಟದೊಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ, ಗಾಳಿ ಹೋದೊಡನೆ ಕೊಳವೆ ತುಂಬ ನೀರು ಭೋರೆಂದು ಹೊರಬೀಳುತ್ತದೆ. ಮಟ್ಟ ಇಳಿದರೆ ಗಾಳಿ ಒಳನುಗ್ಗಿ ತಾನೇ ನಿಲ್ಲುತ್ತದೆ. ಮೋಟಾರಿಲ್ಲ, ಕೀಲಿಲ್ಲ, ಕಾವಲುಗಾರನಿಲ್ಲ, ಅಲುಗಾಡುವ ಒಂದು ಭಾಗವೂ ಇಲ್ಲ. ಹೊರಗಿನ ಸ್ಥಿತಿ ಅರಿತು ತಾನೇ ತೀರ್ಮಾನ ಮಾಡುವುದೇ ರೋಬೋಟಿನ ಲಕ್ಷಣವಾದರೆ ಗಾರೆಕಲ್ಲಿನ ಈ ಗುಮ್ಮಟ ನಗಾರಿ ಯಂತ್ರಕ್ಕಿಂತ ಎಷ್ಟೋ ಮೇಲು. ಐ.ಎಸ್.ಒ. ಲೆಕ್ಕದಲ್ಲಿ ಅದು ಬರೀ ಕಟ್ಟಡ.

ಮಗ್ಗದ ಮಾತೂ ಇದೇ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ನಮ್ಮೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯನ್ನು ನೀವೆಲ್ಲ ಬಲ್ಲಿರಿ. ಮಗ್ಗದ ಮೇಲೆ ಕೂರುವ ಜಕಾರ್ಡ್ ಎಂಬ ಸಾಧನ ಫ್ರಾನ್ಸಿನಲ್ಲಿ 1804ರ ಸುಮಾರಿಗೆ ಹುಟ್ಟಿತು. ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ಬದಲಾಯಿಸಿದರೆ ಸೆರಗಿನ ವಿನ್ಯಾಸ ಬದಲಾಗುತ್ತದೆ. ಮರಳಿ ಪ್ರೋಗ್ರಾಂ ಮಾಡುವುದೆಂದರೆ ಇದೇ ತಾನೆ? ಅದೇ ತೂತಿನ ಕಾರ್ಡಿನ ಉಪಾಯದಿಂದ ಹರ್ಮನ್ ಹಾಲರಿತ್ ಎಂಬಾತ ಮಾಡಿದ ಎಣಿಕೆಯ ಯಂತ್ರ 1890ರ ಅಮೆರಿಕದ ಜನಗಣತಿಯಲ್ಲಿ ಜನರನ್ನು ಎಣಿಸಿತು. ಅವನ ಕಂಪನಿ ಬೇರೆಯವುಗಳೊಡನೆ ಕೂಡಿ ಮುಂದೆ ಐ.ಬಿ.ಎಂ. ಆಯಿತು. ನಾವು ಸಾಫ್ಟ್‌ವೇರಿನವರು ಒಂದು ರೀತಿಯಲ್ಲಿ ಮಗ್ಗ ಮತ್ತು ಜನಗಣತಿ ಎರಡರ ಮೊಮ್ಮಕ್ಕಳು.

ಸರ್ಕಾರ ‘ರೋಬೋಟಿಕ್ಸ್’ ಎಂಬ ಪದವನ್ನು ಬೋರ್ಡಿನ ಮೇಲೆ ಹಾಕಿಕೊಂಡ ಕೇಂದ್ರವೊಂದು 1986ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು: ರಕ್ಷಣಾ ಸಂಶೋಧನಾ ಸಂಸ್ಥೆಯ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರ. 2020ರ ಜನವರಿಯಲ್ಲಿ ಇಸ್ರೋ ಬೆಂಗಳೂರಿನಲ್ಲಿ ತೋರಿಸಿದ ವ್ಯೋಮಮಿತ್ರಳಿಗೆ ಮುಖವಿದೆ, ಕೈಯಿದೆ, ಕಾಲಿಲ್ಲ. ಯಂತ್ರಮಾನವಿ ಎಂದು ಪತ್ರಿಕೆಗಳು ಒಪ್ಪಿಕೊಂಡವು. 2023ರ ಆಗಸ್ಟ್ 23ರಂದು ವಿಕ್ರಮ್ ಚಂದ್ರನ ಮೇಲೆ ಇಳಿದ ನಂತರ ಅದರ ಹೊಟ್ಟೆಯಿಂದ ಹೊರಬಂದ ಪ್ರಜ್ಞಾನ್, ಆರು ಚಕ್ರದ 26 ಕಿಲೋ ಗಾಡಿ. ಅದಕ್ಕೆ ಮುಖವಿಲ್ಲದ್ದರಿಂದ ಯಾರೂ ಮಾನವ ಎನ್ನಲಿಲ್ಲ. ಆ ಸೆಪ್ಟೆಂಬರಿನಲ್ಲಿ ಮಲಗಿದ್ದು ಮತ್ತೆ ಏಳಲಿಲ್ಲ. ಒಕ್ಕೂಟದ 12 ವರ್ಷದ ನಿಯಮವನ್ನು ತಮಾಷೆಗೆ ಅದಕ್ಕೂ ಹಚ್ಚಿದರೆ 2035ರವರೆಗೂ ಅದು ಸೇವೆಯಲ್ಲಿದೆ.

ಇಷ್ಟನ್ನು ಅಪ್ಪನ ಮುಂದೆ ಹೇಳಿದೆ. ಅಪ್ಪ ಮೈಸೂರಿನ ಒಂದು ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವರು. ನಾನು ಬಿ.ಇ. ಎರಡನೆಯ ವರ್ಷದಲ್ಲಿದ್ದಾಗ ಅವರ ಶಾಪಿಗೆ ಹೊಸ ಯಂತ್ರಗಳು ಬಂದವು. ವೇತನ ಒಪ್ಪಂದದ ಮಾತುಕತೆಯಲ್ಲಿ ಸಂಘದವರು, ಎಷ್ಟು ರೋಬೋಟ್ ತಂದಿದ್ದೀರಿ ಎಂದು ಕೇಳಿದರಂತೆ. ಎರಡು ಎಂದು ಉತ್ತರ ಬಂತಂತೆ. ಕಾರ್ಮಿಕರು ಎಣಿಸಿದ್ದರೆ ಹನ್ನೊಂದು. ಉಳಿದ ಒಂಬತ್ತು ಎಸ್.ಪಿ.ಎಂ., ಅಂದರೆ ಒಂದೇ ಕೆಲಸಕ್ಕೆಂದು ಮಾಡಿಸಿದ ವಿಶೇಷ ಯಂತ್ರಗಳು, ರೋಬೋಟ್ ಅಲ್ಲ. ವ್ಯಾಖ್ಯಾನದ ಪ್ರಕಾರ ಆಡಳಿತದವರ ಉತ್ತರ ಪೂರ್ತಿ ಸರಿ. ನಾನು ಐ.ಎಸ್.ಒ. ತೆಗೆದು ಅಪ್ಪನಿಗೆ ಅದನ್ನೇ ವಿವರಿಸಿದೆ. ಅಪ್ಪ ಕಾಫಿ ಲೋಟ ಕೆಳಗಿಟ್ಟು, “ಆ ಒಂಬತ್ತು ಬಂದ ಮೇಲೆ ನಾಲ್ಕು ಜನ ನಿಲ್ತಿದ್ದ ಕಡೆ ಒಬ್ಬ ಉಳಿದ. ಆ ಮೂರು ಜನಾನ ನಿನ್ನ ಪುಸ್ತಕದಲ್ಲಿ ಯಾವ ಹೆಸರಲ್ಲಿ ಬರೆದಿದಾರೆ, ನೋಡಿ ಹೇಳು” ಎಂದರು. ಅಪ್ಪ ಮುಂದಿನ ವರ್ಷವೇ ವಿ.ಆರ್.ಎಸ್. ತೆಗೆದುಕೊಂಡರು. ನನ್ನ ಕೊನೆಯ ಎರಡು ವರ್ಷದ ಫೀಸು ಆ ಹಣದಲ್ಲಿ ಕಟ್ಟಿದ್ದು.

ನನ್ನದೂ ಒಂದು ಲೆಕ್ಕ ಒಪ್ಪಿಸಬೇಕಿದೆ. ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ನಾನು ‘ಬಾಟ್’ಗಳನ್ನು ಬರೆಯುತ್ತಿದ್ದೆ. ಬಾಟ್ ಎಂದರೆ ರೋಬೋಟಿನ ಬಾಲ ಮಾತ್ರ. ಕೈಯಿಲ್ಲ, ಅಕ್ಷವಿಲ್ಲ, ಕಂಪ್ಯೂಟರ್ ಪರದೆಯ ಮೇಲೆ ಗುಮಾಸ್ತ ಒತ್ತುತ್ತಿದ್ದ ಗುಂಡಿಗಳನ್ನು ತಾನೇ ಒತ್ತುವ ಪ್ರೋಗ್ರಾಂ. ಬಿಲ್ಲು ತೆರೆ, ಮೊತ್ತ ಓದು, ಇನ್ನೊಂದು ಕಡೆ ತುಂಬು, ಮುಚ್ಚು. ವರ್ಷದ ಕೊನೆಗೆ ಗ್ರಾಹಕರಿಗೆ ತೋರಿಸಲು, ನಮ್ಮಲ್ಲಿ ಎಷ್ಟು ರೋಬೋಟ್ ಇವೆ ಎಂದು ಒಂದು ಸ್ಲೈಡ್ ಮಾಡಲು ನನಗೆ ಹೇಳಿದರು. ಬರೆದ ಪ್ರೋಗ್ರಾಂಗಳು 140. ಕೊಂಡ ಲೈಸೆನ್ಸುಗಳು 30. ಅವು ಓಡುತ್ತಿದ್ದ ಕಂಪ್ಯೂಟರುಗಳು 9. ಮೂರೂ ಸತ್ಯವೇ. ನಾನು 140 ಎಂದು ದಪ್ಪ ಅಕ್ಷರದಲ್ಲಿ ಹಾಕಿದೆ, ಸಭೆಯಲ್ಲಿ ಬೆನ್ನು ತಟ್ಟಿದರು. ಅಪ್ಪನ ಕಾರ್ಖಾನೆಯಲ್ಲಿ ಕಡಿಮೆ ಹೇಳುವುದು ಅನುಕೂಲವಾಗಿತ್ತು, ನಮ್ಮಲ್ಲಿ ಹೆಚ್ಚು ಹೇಳುವುದು. ಮಹೋತ್ಸವದ ಪೂರ್ವಭಾವಿ ಸಭೆಗೆ ಹೋದಾಗ ನಮ್ಮ ಬ್ಯಾಚಿನ ಒಬ್ಬ ಗೆಳೆಯ ಸಿಕ್ಕಿದ. ಒಂದೇ ಬೆಂಚಿನಲ್ಲಿ ಕೂತವರು. ಎಂಟು ವರ್ಷ ಬಿಲ್ಲುಗಳ ಡೇಟಾ ಎಂಟ್ರಿ ಮಾಡುತ್ತಿದ್ದವನು ಈಗ ಆಂದೋಲನ ಸರ್ಕಲ್ ಕಡೆ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. “ಯಾಕೋ ಬಿಟ್ಟೆ?” ಎಂದೆ. “ನಾನೆಲ್ಲಿ ಬಿಟ್ಟೆ, ಸೆಕ್ಷನ್ನೇ ಮುಚ್ಚಿದ್ರು. ಅದೇನೋ ಬಾಟ್ ಹಾಕಿದ್ರಂತೆ” ಎಂದ. ನಾನು ಬರೆದದ್ದಲ್ಲ ಅದು, ಬೇರೆ ಯಾರೋ ಬರೆದದ್ದು. ಆದರೂ ಅವತ್ತು ಟೀ ಬಿಲ್ಲು ಕೊಡುವಾಗ ಅವನು ಜೇಬಿಗೆ ಕೈ ಹಾಕಲು ನಾನು ಬಿಡಲಿಲ್ಲ.

ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಎಲ್ಲಿ ಬೇಕೋ ಅಲ್ಲಿಲ್ಲ ಎಂಬುದೂ ನಿಜ. ತಿರುವನಂತಪುರದ ಯುವಕರು ಮ್ಯಾನ್‌ಹೋಲಿಗಿಳಿದು ಕಸ ತೆಗೆಯುವ ‘ಬ್ಯಾಂಡಿಕೂಟ್’, ಅಂದರೆ ಹೆಗ್ಗಣ, ಎಂಬ ರೋಬೋಟನ್ನು 2018ರಲ್ಲಿ ಕೆಲಸಕ್ಕಿಳಿಸಿದರು. ಯೂನಿಮೇಟ್ ಹುಟ್ಟಿದ್ದು ಇಂಥ ಕೆಲಸಕ್ಕೇ ಅಲ್ಲವೆ? ಆದರೆ ಮನುಷ್ಯರು ಒಳಚರಂಡಿಗೆ ಇಳಿದು ಸಾಯುವುದು ಇನ್ನೂ ನಿಂತಿಲ್ಲ. ಅಲ್ಲಿಯೂ ಗೆರೆಯ ಆಟವಿದೆ. 2013ರ ಕಾಯ್ದೆಯಲ್ಲಿ ಕೈಯಿಂದ ಮಲ ಬಾಚುವುದಕ್ಕೆ ಒಂದು ವ್ಯಾಖ್ಯಾನ, ಒಳಚರಂಡಿಯ ಅಪಾಯಕಾರಿ ಶುಚಿ ಕೆಲಸಕ್ಕೆ ಇನ್ನೊಂದು. 2021ರಲ್ಲಿ ಸಂಸತ್ತಿನಲ್ಲಿ ಪ್ರಶ್ನೆ ಬಂದಾಗ, ಮಲ ಬಾಚುವುದರಿಂದ ಸತ್ತ ವರದಿ ಇಲ್ಲ ಎಂಬ ಉತ್ತರ ಬಂತು. ಚರಂಡಿಯಲ್ಲಿ ಸತ್ತವರು ಎರಡನೆಯ ಕಲಮಿನಲ್ಲಿದ್ದರು.

ಜನವರಿಯಲ್ಲಿ ಮತ್ತೆ ಶಾಲೆಗೆ ಹೋಗಿ ಆ ಹುಡುಗನನ್ನು ಹುಡುಕಿ, ನನ್ನ ಉತ್ತರ ಅರ್ಧ ಮಾತ್ರ ಸರಿ ಎಂದೆ. ವಿಜ್ಞಾನದ ಮೇಡಂ ಒಂದು ಪೀರಿಯಡ್ ಬಿಟ್ಟುಕೊಟ್ಟರು. ರಾಮಕೃಷ್ಣನಗರದಲ್ಲಿ ಎಷ್ಟು ರೋಬೋಟ್ ಇವೆ ಎಂದು ಮಕ್ಕಳೇ ಪಟ್ಟಿ ಮಾಡಲಿ ಎಂದು ಕಪ್ಪುಹಲಗೆಯ ಮೇಲೆ ಎರಡು ಕಲಮು ಹಾಕಿದೆ: ಯಂತ್ರದ ಹೆಸರು, ಲೆಕ್ಕಕ್ಕಿದೆಯೋ ಇಲ್ಲವೋ. ಮಕ್ಕಳು ಗುಡಿಸುವ ಯಂತ್ರ, ಬೋರ್‌ವೆಲ್ಲಿನ ಆಟೊಮ್ಯಾಟಿಕ್ ಸ್ಟಾರ್ಟರ್, ಎ.ಟಿ.ಎಂ., ಯಾರದೋ ಮದುವೆಯಲ್ಲಿ ಕಂಡ ಡ್ರೋನ್, ಎಲ್ಲ ಬರೆಸಿದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, “ಸರ್, ಮುಂಚೆ ಆ ಕೆಲಸ ಯಾರು ಮಾಡ್ತಿದ್ರು ಅಂತ ಇನ್ನೊಂದು ಕಾಲಂ ಹಾಕೋಣವಾ?” ಎಂದಳು. ಹಾಕಿದೆವು.

ಆ ಪಟ್ಟಿಯನ್ನು ಡ್ರಾಯಿಂಗ್ ಹಾಳೆಗೆ ಇಳಿಸಿ ವಿಜ್ಞಾನದ ಕೊಠಡಿಯ ಗೋಡೆಗೆ ಅಂಟಿಸಿದ್ದಾರೆ. ಮಹೋತ್ಸವಕ್ಕೆ ಬಂದವರು ನೋಡಬಹುದು. ನಗಾರಿ ಯಂತ್ರದ ಮುಂದೆ, ಎರಡನೆಯ ಕಲಮಿನಲ್ಲಿ, ಪ್ರಶ್ನಾರ್ಥಕ ಚಿಹ್ನೆ ಇದೆ. ಮೂರನೆಯದರಲ್ಲಿ ‘ಒಬ್ಬ ಅಜ್ಜ’ ಎಂದಷ್ಟೇ ಬರೆದಿದೆ. ಅವರ ಹೆಸರು ಬಲ್ಲ ಹಿರಿಯರು ಯಾರಾದರೂ ಇದ್ದರೆ ಶಾಲೆಗೆ ತಿಳಿಸಿ, ಮಕ್ಕಳು ಜಾಗ ಬಿಟ್ಟಿದ್ದಾರೆ.